ನಲವತ್ತು ಕಿಕ್ಕಿನ ಕೋರ್ಸು

ನಮ್ಮ ಓಣಿಯಲ್ಲಿ ಹಿರಿಯರೊಬ್ಬರಿದ್ದರು. ದಿನಾ ಬೆಳಿಗ್ಗೆ ಆರೂವರೆಗೆ ಮನೆ ಮುಂದಿನ ಸ್ಕೂಟರಿಗೆ ನಲವತ್ತು ಕಿಕ್ ಹೊಡೆಯುತ್ತಿದ್ದರು. ನಲವತ್ತು ಅಂದರೆ ನಲವತ್ತೇ. ಹೀಗೆ ಹದಿನೆಂಟು ವರ್ಷ ಹೊಡೆದರು. ಆ ಹದಿನೆಂಟು ವರ್ಷದಲ್ಲಿ ಸ್ಕೂಟರ್ ಒಮ್ಮೆಯೂ ಚಾಲೂ ಆಗಲಿಲ್ಲ, ಅವರು ಅದಕ್ಕೆ ಒಮ್ಮೆಯೂ ಬೈಯಲಿಲ್ಲ. ನಲವತ್ತು ಮುಗಿದ ಮೇಲೆ ಸೀಟಿನ ಮೇಲೆ ಎತ್ತಿನ ಬೆನ್ನು ತಟ್ಟಿದಂತೆ ಎರಡು ಸಲ ತಟ್ಟಿ, "ನಾಳೆ ನೋಡೂಣು" ಅಂದು, ಸ್ನಾನ ಮಾಡಿ, ರೊಟ್ಟಿ ತಿಂದು, ನಡೆದುಕೊಂಡೇ ಕೆಲಸಕ್ಕೆ ಹೋಗುತ್ತಿದ್ದರು.

ಅವರ ಕೆಲಸ ದನದ ದವಾಖಾನೆಯಲ್ಲಿ ಕಂಪೌಂಡರಿಕೆ. ಊರು ಕುಂದಗೋಳ ತಾಲೂಕಿನದು, ಕುಬಿಹಾಳದ ಬಾಜೂಕ. ಒಂದು ಮಳೆಯಾದರೆ ಚಪ್ಪಲಿಗೆ ಎರಿ ಮಣ್ಣು ಮೆತ್ತಿ ನಡೆಯುವವ ಒಂದು ಗೇಣು ಎತ್ತರವಾಗುವ ಸೀಮೆ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ನನ್ನ ಮನೆ ಅವರ ಮನೆಯ ಎದುರಿಗೇ. ಅವರನ್ನು ಊರೆಲ್ಲ ಕಾಕಾ ಅನ್ನುತ್ತಿತ್ತು. ಅವರ ಖರೇ ಹೆಸರು ನಾನು ಬರೆಯುವುದಿಲ್ಲ. ಬರೆದರೂ ಯಾರದೆಂದು ನಮ್ಮೂರವರಿಗೇ ತಿಳಿಯಲಿಕ್ಕಿಲ್ಲ.

ಕಿಕ್ ಹೊಡೆಯುವುದಕ್ಕೂ ಅವರದೊಂದು ಪದ್ಧತಿ ಇತ್ತು. ಮೊದಲು ಸ್ಕೂಟರಿನ ಹಣೆಗೆ, ಅಂದರೆ ಹೆಡ್‌ಲೈಟಿನ ಮೇಲೆ, ಮೂರು ಬೆರಳಿನಿಂದ ವಿಭೂತಿ. ಆಮೇಲೆ ಗಾಡಿಯನ್ನು ಬಲಕ್ಕೊಮ್ಮೆ ವಾಲಿಸಿ ಪೆಟ್ರೋಲ್ ಇಳಿಯಿತೋ ಎಂದು ಕಿವಿಗೊಟ್ಟು ಕೇಳುವುದು. ಚೋಕ್ ಎಳೆಯುವುದು. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸುವುದು. ಆಮೇಲೆ "ಒಂದ". ಎಣಿಕೆ ಗಟ್ಟಿಯಾಗಿಯೇ. ಇಪ್ಪತ್ತಕ್ಕೆ ನಿಂತು ಒಂದು ತಂಬಿಗೆ ನೀರು ಕುಡಿಯುವುದು, ಮತ್ತೆ "ಇಪ್ಪತ್ತೊಂದ". ನಡುವೆ ಯಾರಾದರೂ ದನದ ಕಾಯಿಲೆ ಕೇಳಲು ಬಂದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಮಳೆ ಬಂದರೆ ನಾವು ಯಾರಾದರೂ ಹೋಗಿ ಛತ್ರಿ ಹಿಡಿಯಬೇಕು. ನಾನು ಎಷ್ಟೋ ಸಲ ಹಿಡಿದಿದ್ದೇನೆ. ಚಾಲೂ ಆಗದ ಸ್ಕೂಟರಿಗೆ ಒಬ್ಬ ಕಿಕ್ ಹೊಡೆಯುವುದು, ಇನ್ನೊಬ್ಬ ಅವನಿಗೆ ಛತ್ರಿ ಹಿಡಿಯುವುದು, ಇಬ್ಬರೂ ಸರ್ಕಾರಿ ನೌಕರರು.

ಓಣಿ ಅವರನ್ನು ನೋಡಿ ನಗುವುದನ್ನು ನಾನು ಬರುವ ಮೊದಲೇ ಬಿಟ್ಟಿತ್ತು. ಬಿಟ್ಟು, ಅವರಿಂದ ಉಪಯೋಗ ತಗೊಳ್ಳಲು ಶುರು ಮಾಡಿತ್ತು. "ಒಂದ" ಕೇಳಿದ ಕೂಡಲೇ ಒಲೆಯ ಮೇಲೆ ಹಾಲಿಟ್ಟರೆ ಮೂವತ್ತೆರಡಕ್ಕೆ ಸರಿಯಾಗಿ ಉಕ್ಕುತ್ತದೆ ಎಂದು ನನ್ನ ಹೆಂಡತಿ ಮದುವೆಯಾಗಿ ಬಂದ ಮೊದಲ ವಾರವೇ ಕಲಿತಳು. ಹುಬ್ಬಳ್ಳಿ ಬಸ್ಸು ಹಿಡಿಯುವವರು ಹದಿನೈದರೊಳಗೆ ಮನೆ ಬಿಡಬೇಕು. ಒಮ್ಮೆ ಕಾಕಾಗೆ ಜ್ವರ ಬಂದು ಹತ್ತು ಹತ್ತಕ್ಕೊಮ್ಮೆ ನಿಂತು ನಿಂತು ಹೊಡೆದ ದಿನ ಓಣಿಯ ನಾಲ್ಕು ಮನೆಯಲ್ಲಿ ಹಾಲು ಒಲೆಯ ಪಾಲಾಯಿತು. ಬಸ್ಸು ತಪ್ಪಿಸಿಕೊಂಡವರು ಕಾಕಾನ ಹತ್ತಿರ ಬಂದು ಜಗಳಾಡಿದರು. ಅವರು ತಪ್ಪಾಯಿತೆಂದು ಕೈಮುಗಿದರು.

ಇದಕ್ಕೆಲ್ಲ ಮೂಲ ಏನು ಎಂದು ನಾನು ಊರಿಗೆ ಬಂದ ಹೊಸದರಲ್ಲೇ ಕೇಳಿದ್ದೆ. ಅವರು ಏನೂ ಮುಚ್ಚಿಡದೆ ಹೇಳಿದರು.

"ಗಾಡಿ ಬಂದ್ ಬಿದ್ದಾಗ ಕುಂದಗೋಳದ ಮೆಕ್ಯಾನಿಕ್ ಕಡೆ ತಳ್ಳಿಕೊಂಡ ಹೋಗಿದ್ದೆ. ಅಂವ ಹೇಳಿದಾ, ಭಾಳ ದಿನಾ ನಿಂತೈತಿ ಕಾಕಾ, ದಿನಾ ನಲ್ವತ್ತ ಕಿಕ್ ಹೊಡೀರಿ, ತಾನ ಚಾಲೂ ಆಕ್ಕೈತಿ ಅಂತ."

"ಎಷ್ಟ ದಿನಾ ಅಂತ ಹೇಳಿದಾರಿ?"

"ಅದನ್ನ ಹೇಳಲಿಲ್ಲ. ಕೇಳೂಣು ಅಂತ ಮರುವಾರ ಹೋದ್ರ ಅಂವ ದುಕಾನ ಮುಚ್ಚಿ ಗೋವಾಕ್ಕ ಹೋಗಿಬಿಟ್ಟಿದ್ದ."

"ಅಂದ್ರ ಅಂವ ನಿಮ್ಮನ್ನ ಸಾಗಹಾಕಾಕ ಹಂಗ ಅಂದಿರ್ತಾನ್ರಿ ಕಾಕಾ!"

"ಇರಬಹುದು," ಎಂದರು ಕಾಕಾ. "ಆದ್ರ ಡೋಸ್ ಬರದುಕೊಟ್ಟಾನ. ಎಷ್ಟ ದಿನಾ ಅಂತ ಬರದಿಲ್ಲ ಅಂದ್ರ, ನಿಂದ್ರಸು ಅನ್ನೂ ತನಕಾ ಕೊಡಬೇಕು. ಕೋರ್ಸ್ ಅಂದ್ರ ಕೋರ್ಸ್."

ಇದು ತಮಾಷೆಯಲ್ಲ. ಅವರ ಇಡೀ ನೌಕರಿ ನಡೆದದ್ದೇ ಈ ತತ್ವದ ಮೇಲೆ. ಒಂದು ಸಲ ಒಬ್ಬ ರೈತನ ಎತ್ತಿಗೆ ಐದು ದಿನದ ಔಷಧಿ ಬರೆದಿತ್ತು. ಮೂರು ದಿನಕ್ಕೆ ಎತ್ತು ಚೇತರಿಸಿಕೊಂಡು ಮೇಯತೊಡಗಿತು. ರೈತ ನಾಲ್ಕನೇ ದಿನ ಬರಲಿಲ್ಲ. ಕಾಕಾ ಔಷಧಿ ಬಾಟಲಿ, ಅದನ್ನು ದನದ ಬಾಯಿಗೆ ಹೊಯ್ಯುವ ಬಿದಿರಿನ ಗೊಟ್ಟ ಬಗಲಿಗೆ ಹಾಕಿಕೊಂಡು ಅವನ ಮನೆಗೇ ನಡೆದರು. ಅಷ್ಟರಲ್ಲಿ ರೈತ ಎತ್ತನ್ನು ಸಂತೆಯಲ್ಲಿ ಮಾರಿಬಿಟ್ಟಿದ್ದ. ಕೊಂಡವನು ಯರಗುಪ್ಪಿಯವನು. ಕಾಕಾ ಯರಗುಪ್ಪಿ ಬಸ್ಸು ಹತ್ತಿದರು. ಅಲ್ಲಿ ಕೊಂಡವನಿಗೆ ಮೈಯೆಲ್ಲ ಉರಿದುಹೋಯಿತು.

"ರೋಗದ ಎತ್ತ ಗಂಟ ಹಾಕ್ಯಾರೇನು ನನಗ?"

"ರೋಗ ಇಲ್ಲಪಾ, ಅಗದಿ ಚಲೋ ಎತ್ತ. ಎರಡ ಡೋಸ್ ಉಳದಾವು, ಅಷ್ಟ."

"ಚಲೋ ಇದ್ರ ಡೋಸ್ ಯಾಕ?"

"ಚಲೋ ಆಗೇತಿ ಅಂತ ಎತ್ತಿಗೆ ಅನಸೇತಿ. ಔಷಧಕ್ಕ ಇನ್ನೂ ಅನಸಿಲ್ಲ."

ಅವನೇ ಎತ್ತಿನ ಮೂಗುದಾರ ಹಿಡಿದು ಅದರ ಬಾಯಿ ಮೇಲಕ್ಕೆತ್ತಿದನಂತೆ. ಮರುದಿನ ಕಾಕಾ ಮತ್ತೆ ಯರಗುಪ್ಪಿಗೆ ಹೋಗಿ ಐದನೆಯದನ್ನೂ ಹೊಯ್ದು ಬಂದರು. ಎರಡೂ ದಿನ ಬೆಳಗಿನ ನಲವತ್ತು ಮುಗಿಸಿಯೇ ಹೋಗಿದ್ದರು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಅಳ್ನಾವರದಲ್ಲಿದ್ದ ಅವರ ಅಕ್ಕನ ಮನೆಯಲ್ಲಿ ಎಂಥ ಕಾರ್ಯವಿದ್ದರೂ ಅವರು ರಾತ್ರಿ ಉಳಿಯುತ್ತಿರಲಿಲ್ಲ. ಊಟದ ಎಲೆಯಿಂದಲೇ ಎದ್ದು ಓಡಿಬಂದು ಪ್ಯಾಸೆಂಜರ್ ರೈಲು ಹಿಡಿಯುತ್ತಿದ್ದರು. ನಾಳಿನ ನಲವತ್ತನ್ನು ಇವತ್ತೇ ಸೇರಿಸಿ ಎಂಬತ್ತು ಹೊಡೆದು ಹೋಗಬಾರದೇ ಎಂದು ನಾನೊಮ್ಮೆ ಉಪಾಯ ಹೇಳಿದೆ. ಅವರು ನನ್ನನ್ನು ಕರುಣೆಯಿಂದ ನೋಡಿದರು. ಎರಡು ದಿನದ ಇಂಜೆಕ್ಷನ್ ಒಂದೇ ದಿನ ಚುಚ್ಚು ಅಂದವನನ್ನು ನೋಡುವ ನೋಟ ಅದು.

ಈಗ ನನ್ನ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನು ಆರಂಭಶೂರ. ಪಿ.ಟಿ. ಮಾಸ್ತರನಾಗಿಯೂ ನಾನು ಬೆಳಿಗ್ಗೆ ಏಳಲಾರದ ಮನುಷ್ಯ. ಪ್ರಾರ್ಥನೆಗೆ ಸೀಟಿ ಊದುವಾಗ ನನ್ನ ಕಣ್ಣಲ್ಲಿ ನಿದ್ದೆ ಇರುತ್ತಿತ್ತು. ಓಡುವುದು ಶುರು ಮಾಡಿ ಬಿಟ್ಟೆ. ತಣ್ಣೀರು ಸ್ನಾನ ಶುರು ಮಾಡಿ ಬಿಟ್ಟೆ. ಹಾರ್ಮೋನಿಯಂ, ದಿನಚರಿ, ಚಹಾ ಬಿಡುವುದು, ಬಿಟ್ಟ ಚಹಾವನ್ನು ಮತ್ತೆ ಬಿಡುವುದು. ಯಾವುದೂ ಒಂಬತ್ತು ದಿನ ದಾಟಲಿಲ್ಲ. ಹೊಸ ಬೂಟು ಹಾಕಿಕೊಂಡು ಹೊರಗೆ ಬಿದ್ದರೆ ಎದುರಿಗೆ ಕಾಕಾ. "ಏನ್ ಪೀಟಿ, ಎಷ್ಟನೇ ದಿನಾ?" ಎನ್ನುತ್ತಿದ್ದರು. ಬರೇ ಅಷ್ಟೇ. ಅದರಲ್ಲಿ ಚುಚ್ಚು ಇರಲಿಲ್ಲ. ಆದರೂ ನನಗೆ ಚುಚ್ಚುತ್ತಿತ್ತು. ಹಾಸಿಗೆಯಲ್ಲಿ ಬಿದ್ದುಕೊಂಡು ಆ "ಹನ್ನೊಂದ, ಹನ್ನೆರಡ" ಕೇಳುತ್ತ ಎಷ್ಟೋ ದಿನ ನನಗೆ ಸಿಟ್ಟು ಬಂದದ್ದುಂಟು. ಆಗದ ಕೆಲಸವನ್ನು ಇವರು ಇಷ್ಟು ನೆಟ್ಟಗೆ ಮಾಡುತ್ತಾರೆ, ಆಗುವ ಕೆಲಸ ನನ್ನ ಕೈಲಿ ಯಾಕೆ ಆಗುವುದಿಲ್ಲ ಎಂದು. ಇದನ್ನು ಮುಂದೆ ನಡೆದದ್ದಕ್ಕೆ ಬೇಕು ಅಂತಲೇ ಹೇಳುತ್ತಿದ್ದೇನೆ.

ಕಾಕಾ ನಿವೃತ್ತರಾಗುವ ದಿನ ಬಂತು. ಓಣಿಯವರು ಸೇರಿ ಏನಾದರೂ ಕೊಡಬೇಕೆಂದು ಮಾತಾಡಿದೆವು. ಶಾಲು, ಹಾರ, ಗೋಡೆ ಗಡಿಯಾರ ಎಂದು ಎಲ್ಲರೂ ಹೇಳಿದ್ದನ್ನೇ ಹೇಳುತ್ತಿದ್ದರು. ನಾನು ಎದ್ದು ನಿಂತು ಹೇಳಿದೆ: "ಅವರ ಸ್ಕೂಟರ್ ರಿಪೇರಿ ಮಾಡಿಸಿಕೊಡೂಣು."

ಎಲ್ಲರೂ ನನ್ನನ್ನೇ ನೋಡಿದರು. ಹದಿನೆಂಟು ವರ್ಷದಲ್ಲಿ ಈ ವಿಚಾರ ಒಬ್ಬರಿಗೂ ಹೊಳೆದಿರಲಿಲ್ಲ. ಎಂಥ ತಲೆ ಮಾಸ್ತರದು ಎಂದು ಹೊಗಳಿದರು. ನಾನೂ ಉಬ್ಬಿದೆ.

ಕಾಕಾಗೆ ಕನ್ನಡಕ ಮಾಡಿಸಬೇಕಿತ್ತು. ನಲವತ್ತು ಮುಗಿಸಿ ಹುಬ್ಬಳ್ಳಿಗೆ ಹೋದ ದಿನ ನೋಡಿ, ಸಂಶಿಯಿಂದ ಮೆಕ್ಯಾನಿಕ್ಕನನ್ನು ಕರೆಸಿದೆವು. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಸೀಟು ಎತ್ತಿದ, ಬಗ್ಗಿ ನೋಡಿದ. "ಇಲಿ ವಾಯರ್ ಕಡದೈತ್ರಿ," ಎಂದ. ಹೊಸ ವಾಯರ್ ಹಾಕಿದ, ಅಲ್ಲಿ ಇಲ್ಲಿ ಒರೆಸಿದ. ಕಾಲು ಗಂಟೆಯೂ ಹಿಡಿಯಲಿಲ್ಲ. ಹದಿನೆಂಟು ವರ್ಷ ದಿನಕ್ಕೆ ನಲವತ್ತರಂತೆ ಎಷ್ಟಾಯಿತು ಎಂದು ಮನಸ್ಸಿನಲ್ಲೇ ಗುಣಿಸಲು ಹೋದ ನಾನು ಅರ್ಧಕ್ಕೇ ಹೆದರಿ ಬಿಟ್ಟುಬಿಟ್ಟೆ.

ಮರುದಿನ ಆರೂವರೆಗೆ ಇಡೀ ಓಣಿ ಹಾರ ಹಿಡಿದು ಬಾಗಿಲ ಸಂದಿಯಲ್ಲಿ ನಿಂತಿತ್ತು. ಹಲಗೆ ಬಾರಿಸುವವರೂ ಬಂದಿದ್ದರು. ಕಾಕಾ ಹೊರಗೆ ಬಂದರು. ವಿಭೂತಿ ಹಚ್ಚಿದರು, ವಾಲಿಸಿದರು, ಚೋಕ್ ಎಳೆದರು, ಚುಂಗು ಸಿಕ್ಕಿಸಿದರು. "ಒಂದ."

ಸ್ಕೂಟರ್ ಚಾಲೂ ಆಯಿತು.

ನಾವು ಕೂಗುತ್ತ ಹೊರಗೆ ಓಡಿದೆವು. ಹಲಗೆಯವರು ಬಾರಿಸತೊಡಗಿದರು. ಕಾಕಾ ಒಂದು ಕಾಲನ್ನು ಕಿಕ್ಕಿನ ಮೇಲೆ ಇಟ್ಟುಕೊಂಡೇ ನಿಂತಿದ್ದರು, ಕಾಲು ಇಳಿಸುವುದು ಅವರಿಗೆ ಮರೆತಿತ್ತು. ಬಾಯಿ "ಎರಡ" ಎನ್ನಲು ತೆರೆದದ್ದು ಹಾಗೇ ಇತ್ತು. ನಾನು ಹಾರ ಹಾಕಿದೆ. ಅವರು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದರು. ಕೈಮುಗಿದರು. ಗಾಡಿ ಬಂದ್ ಮಾಡಿದರು.

"ಆತು ಬಿಡ್ರಪಾ," ಎಂದರು. "ಕೋರ್ಸ್ ಮುಗೀತು."

ಒಳಗೆ ಹೋಗಿ ಮಲಗಿದರು. ಹಾರವನ್ನೂ ತೆಗೆಯಲಿಲ್ಲ.

ಆ ದಿನ ಏಳಲಿಲ್ಲ. ದಣಿದಿರಬೇಕು ಅಂದುಕೊಂಡೆವು. ಮರುದಿನವೂ ಏಳಲಿಲ್ಲ. ಮೂರನೇ ದಿನ ಡಾಕ್ಟರ್ ಬಂದು ನೋಡಿ, ಬಿ.ಪಿ., ಶುಗರ್ ಎಲ್ಲ ಹುಡುಗರ ಹಾಗಿದೆ, ಏನೂ ಆಗಿಲ್ಲ ಎಂದರು. ಏನೂ ಆಗದ ಮನುಷ್ಯ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅರ್ಧ ರೊಟ್ಟಿ ತಿನ್ನುವರು, ಮತ್ತೆ ಮಲಗುವರು. ಅಳ್ನಾವರದಿಂದ ಅವರ ಅಕ್ಕ ಬಂದರು. ಇಡೀ ಓಣಿಗೇ ಅವರು ಅಕ್ಕ. ಮಾತಿನಲ್ಲಿ ತಮ್ಮನಿಗಿಂತ ಹತ್ತು ಪಟ್ಟು ಬಿರುಸು. ಬಂದವರೇ ಬೈದು, ಅತ್ತು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಮಗೆಲ್ಲ ಕೆಮ್ಮು ಬಂತು. ಕಾಕಾಗೆ ಕೆಮ್ಮೂ ಬರಲಿಲ್ಲ.

ಓಣಿಯಲ್ಲಿ ಹಾಲು ಉಕ್ಕತೊಡಗಿತು. ಬಸ್ಸು ತಪ್ಪತೊಡಗಿತು. ಮಂದಿ ನನ್ನನ್ನು ನೋಡುವ ರೀತಿ ಬದಲಾಯಿತು. ಎಂಥ ತಲೆ ಮಾಸ್ತರದು ಎಂದವರೇ ಈಗ ಅದೇ ಮಾತನ್ನು ಬೇರೆ ರಾಗದಲ್ಲಿ ಹೇಳುತ್ತಿದ್ದರು.

ನಾನು ಸಂಶಿಗೆ ಓಡಿದೆ. "ಆ ಸ್ಕೂಟರ್ ಮತ್ತ ಕೆಡಿಸಿ ಕೊಡ್ರಿ," ಎಂದು ಮೆಕ್ಯಾನಿಕ್ಕನ ಕೈಹಿಡಿದೆ.

ಅವನು ಬೋಲ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಾಸ್ತರ, ಕೆಟ್ಟ ಗಾಡಿ ರಿಪೇರಿ ಮಾಡೂದು ನನ್ನ ಹೊಟ್ಟಿಪಾಡು. ಚಲೋ ಗಾಡಿ ಕೆಡಿಸಿದ್ರ ನನ್ನ ಕೈ ಬಿದ್ದ ಹೊಕ್ಕಾವು. ನಿಮಗ ಹುಷಾರಿಲ್ಲೇನ್ರಿ?"

ಕೊನೆಗೆ ನಾನೇ ಹೋಗಿ ಸೀಟು ಎತ್ತಿ, ಇಲಿಯ ಕೆಲಸವನ್ನು ಬ್ಲೇಡಿನಿಂದ ಮಾಡಿದೆ. ಖುಷಿಯಿಂದ ಒಳಗೆ ಓಡಿ, "ಕಾಕಾ, ಗಾಡಿ ಮತ್ತ ಬಂದ್ ಬಿತ್ರಿ!" ಎಂದು ಕೂಗಿದೆ. ಮಗ ಪಾಸಾದ ಸುದ್ದಿ ಹೇಳುವವನಿಗೂ ಅಷ್ಟು ಸಂಭ್ರಮ ಇರುವುದಿಲ್ಲ.

ಕಾಕಾ ಗೋಡೆಯ ಕಡೆಯಿಂದ ಮುಖ ತಿರುಗಿಸಿದರು. "ಕೆಟ್ಟೈತೋ, ಕೆಡಿಸಿದ್ಯೋ?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಆಗಲಿಲ್ಲ. "ಕೆಡಿಸಿದೆನ್ರಿ."

"ಬೇಕಂತ ಕೆಡಿಸಿದ ಗಾಡಿಗೆ ಕಿಕ್ ಹೊಡಿಯಾಕ ನನಗೇನ ಹುಚ್ಚ ಹಿಡದೈತೇನು?" ಎಂದರು ಕಾಕಾ. ಹದಿನೆಂಟು ವರ್ಷ ಹೊಡೆದ ಮನುಷ್ಯ.

ನಾನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಎಲ್ಲವನ್ನೂ ಹೇಳಿದೆ. ರಿಪೇರಿ ನನ್ನದೇ ವಿಚಾರ, ಪ್ರೀತಿಯಿಂದ ಮಾಡಿಸಿದ್ದು ಅರ್ಧ, ಉಳಿದರ್ಧ ದಿನಾ ಆ ಎಣಿಕೆ ಕೇಳಲಾರದೆ ಮಾಡಿಸಿದ್ದು, ನಿಮ್ಮ ನಲವತ್ತು ಕೇಳಿದರೆ ನನ್ನ ಒಂಬತ್ತು ನೆನಪಾಗುತ್ತಿತ್ತು ಎಂದೆ. ಅಳು ಬಂತು. ಪಿ.ಟಿ. ಮಾಸ್ತರ ಅಳುವುದನ್ನು ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಕಾಕಾ ಮೇಲಿನ ಜಂತಿ ನೋಡುತ್ತ ಮಾತಾಡಿದರು. ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ.

"ನಿಮ್ಮ ಕಾಕು, ನನ್ನ ಹೇಣ್ತಿ, ಸತ್ತ ವರ್ಷ ಹಿಂಗ ಮಲಗಿದ್ದೆ. ಇಪ್ಪತ್ತ ದಿನಾ. ಎದ್ದು ಏನ್ ಮಾಡೂದು ಅಂತ ತಿಳೀತಿರಲಿಲ್ಲ. ಒಂದ ಇಡೀ ದಿನಾ ಹೆಂಗ ಮಾಡೂದಪಾ ಅಂತ ಹೆದರಿಕಿ ಬರತಿತ್ತು. ಆಗ ಆ ಕುಂದಗೋಳದ ಮೆಕ್ಯಾನಿಕ್ ನಲ್ವತ್ತ ಅಂದಾ. ಇಡೀ ದಿನಾ ಮಾಡಾಕ ಆಗೂದಿಲ್ಲ, ನಲ್ವತ್ತ ಮಾಡಾಕ ಆಕ್ಕೈತಿ ಅನಸ್ತು. ನಲ್ವತ್ತ ಕಿಕ್ ಹೊಡದ ಮ್ಯಾಲೆ ಮೈ ಬೆವರತೈತಿ, ಜಳಕಾ ಮಾಡಲೇಬೇಕು. ಜಳಕಾ ಆದ ಮ್ಯಾಲೆ ಹಸಿವ್ಯಾಕ್ಕೈತಿ, ರೊಟ್ಟಿ ತಿನ್ನಲೇಬೇಕು. ರೊಟ್ಟಿ ತಿಂದ ಮ್ಯಾಲೆ ಮತ್ತ ಹಾಸಗಿ ಹೊಗಾಕ ನಾಚಿಕಿ. ಹಿಂಗ ಒಂದನ್ನೊಂದು ಹಿಡಕೊಂಡ ಹೊಕ್ಕಿದ್ದೆ. ಗಾಡಿ ಚಾಲೂ ಆಗಲಿ ಅಂತ ಬಯಸಿದ್ದ ಖರೇ. ಆದ್ರ ಒಂದನೇ ಕಿಕ್ಕಿಗೇ ಆದ್ರ ಉಳದ ಮೂವತ್ತೊಂಬತ್ತ ಎಲ್ಲೆ ಇಡಲೋ?"

ಅವರು ಮತ್ತೆ ಗೋಡೆಗೆ ತಿರುಗಿದರು.

ಹೊರಗೆ ಬರುವಾಗ ಅಕ್ಕ ನನ್ನ ಅಂಗಿ ಹಿಡಿದು ನಿಲ್ಲಿಸಿದರು. "ಮಲಗಿಸಿದಾಂವ ನೀನು. ಎಬ್ಬಸೂದೂ ನಿಂದ ಕೆಲಸ. ನಾಳೆ ಮುಂಜಾನೆ ಬಾ."

"ಬಂದು ಏನ್ ಮಾಡ್ಲ್ರಿ ಅಕ್ಕಾರ?"

"ದನಿ ಐತೆಲ್ಲ, ಕೂಗು. ಸಾಲ್ಯಾಗ ಮತ್ತೇನ ಮಾಡ್ತಿ?"

ಮರುದಿನ ಆರೂವರೆಗೆ ಹೋಗಿ ಬಾಗಿಲಲ್ಲಿ ಸಾವಧಾನ ಭಂಗಿಯಲ್ಲಿ ನಿಂತು, ಕವಾಯತಿನ ದನಿಯಲ್ಲಿ ಕೂಗಿದೆ: "ಕಾಕಾ, ಏಳ್ರಿ!" ನಲವತ್ತು ಸಲ. ಒಂದೊಂದಕ್ಕೂ ಲೆಕ್ಕ ಹೇಳುತ್ತ. ಕಾಕಾ ಮುಸುಕೆಳೆದರು. ಎರಡನೇ ದಿನವೂ ಹಾಗೆಯೇ. ಮೂರನೇ ದಿನ ಮುಸುಕಿನೊಳಗಿಂದ, "ಲೇ ಪೀಟಿ, ನಿನಗ ತಲಿ ಕೆಟ್ಟೈತಿ, ಮನೀಗೆ ಹೋಗು," ಎಂದರು. ನಾನು, "ಕಾಕಾ, ಏಳ್ರಿ, ಹದಿನಾಲ್ಕ," ಎಂದೆ. ಐದನೇ ದಿನ ಅಕ್ಕ ಇಪ್ಪತ್ತಕ್ಕೆ ನನಗೆ ಒಂದು ತಂಬಿಗೆ ನೀರು ತಂದುಕೊಟ್ಟರು. ಆರನೇ ದಿನ ನನ್ನ ಎಣಿಕೆ ತಪ್ಪಿ ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕ ಎಂದುಬಿಟ್ಟೆ. ಕಂಬಳಿಯೊಳಗಿಂದ ಒಂದು ದನಿ ಬಂತು: "ಇಪ್ಪತ್ಮೂರ."

ನಾನು ತಿದ್ದಿಕೊಂಡು ಮುಂದುವರಿಸಿದೆ. ಏಳನೇ ದಿನದಿಂದ ಎಣಿಕೆ ಕಾಕಾನದು, ಕೂಗು ನನ್ನದು. ಏಳುವುದು ಮಾತ್ರ ಯಾರದೂ ಅಲ್ಲ. "ಕಾಕಾ, ಏಳ್ರಿ!" "ಹದಿನೇಳ." "ಕಾಕಾ, ಏಳ್ರಿ!" "ಹದಿನೆಂಟ." ನನ್ನ ಹೆಂಡತಿ ಈ ಕೂಗಿಗೆ ಹಾಲು ಇಪ್ಪತ್ತೊಂಬತ್ತಕ್ಕೆ ಉಕ್ಕುತ್ತದೆ ಎಂದು ಕಂಡುಕೊಂಡು ಓಣಿಗೆಲ್ಲ ತಿಳಿಸಿದಳು. ಹೀಗೆ ಎಂಟಾಯಿತು, ಒಂಬತ್ತಾಯಿತು.

ಹತ್ತನೇ ದಿನ ನಾನು ಮಲಗಿಬಿಟ್ಟೆ.

ಕಾರಣ ಹೇಳೋಣವೆಂದರೆ ಕಾರಣವಿಲ್ಲ. ಜ್ವರವಿರಲಿಲ್ಲ, ಮಳೆಯಿರಲಿಲ್ಲ. ಎಚ್ಚರವಾಯಿತು, ಮಗ್ಗುಲಾದೆ, ಅಷ್ಟೇ. ಅದು ನನ್ನ ಜಾಯಮಾನ. ಬಾಗಿಲು ಮುರಿದುಬೀಳುವಂತೆ ಬಡಿದ ಸದ್ದಿಗೆ ಎದ್ದುಹೋಗಿ ನೋಡಿದೆ. ಹೊರಗೆ ಕಾಕಾ ನಿಂತಿದ್ದರು. ಗಡ್ಡ ಬೆಳೆದಿತ್ತು, ಹೆಗಲ ಮೇಲೆ ಕಂಬಳಿ. ಕಣ್ಣು ಕೆಂಡದಂತಿತ್ತು. ಅವರ ಹಿಂದೆ ಸೆರಗು ಬಾಯಿಗಿಟ್ಟುಕೊಂಡ ಅಕ್ಕ.

"ಏನಲೇ, ಒಂಬತ್ತ ದಿನಕ್ಕ ಕೋರ್ಸ್ ಬಿಟ್ಟೇನು?"

"ಕಾಕಾ!" ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. "ಎದ್ದೀರಿ! ಕಾಕಾ, ನೀವು ಎದ್ದೀರಿ!"

"ಅದರ ಮಾತ ಆಮ್ಯಾಲೆ. ಇವತ್ತಿಂದ ಆಗಿಲ್ಲ. ಕೂಗು."

"ಎದ್ದ ನಿಂತೀರಲ್ರಿ. ಮತ್ತ ಏಳ್ರಿ ಅಂತ ಹೆಂಗ ಕೂಗ್ಲಿ?"

"ಏಳೂದು ಬ್ಯಾರೆ, ಡೋಸ್ ಬ್ಯಾರೆ. ಕೂಗು ಅಂದ್ರ ಕೂಗು."

ಬನಿಯನ್ ಮೇಲಿದ್ದ ನಾನು ನನ್ನ ಮನೆಯ ಹೊಸ್ತಿಲ ಮೇಲೆ ಸೆಟೆದು ನಿಂತು, ಎರಡು ಮೊಳ ದೂರದಲ್ಲಿ ಎದ್ದು ನಿಂತ ಮನುಷ್ಯನಿಗೆ, ಇಡೀ ಓಣಿ ನೋಡುತ್ತಿರುವಾಗ, ಏಳ್ರಿ ಏಳ್ರಿ ಎಂದು ನಲವತ್ತು ಸಲ ಕೂಗಿದೆ. ಅವರು ಗಂಭೀರವಾಗಿ ಎಣಿಸಿದರು. ಮುಗಿದ ಮೇಲೆ, "ಜಳಕಾ ಮಾಡ್ತೇನು," ಎಂದು ಹೋದರು. ಅಕ್ಕ ಅಲ್ಲೇ ಕಟ್ಟೆಯ ಮೇಲೆ ಕುಳಿತು, ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯದ ಹಾಗೆ ಅಲುಗಾಡುತ್ತಿದ್ದರು.

ಆಮೇಲೆ ನಾಲ್ಕು ವರ್ಷ ಕಾಕಾ ಬದುಕಿದರು. ನಾಲ್ಕು ವರ್ಷವೂ ದಿನಾ ಆರೂವರೆಗೆ ನಮ್ಮ ಮನೆಯ ಕಟ್ಟೆಗೆ ಬಂದು ನಿಲ್ಲುತ್ತಿದ್ದರು. ಕೆಲವೊಮ್ಮೆ ಬಂದು ನನ್ನನ್ನೇ ಎಬ್ಬಿಸಿ, ತಮ್ಮನ್ನು ಎಬ್ಬಿಸಲು ಹೇಳುತ್ತಿದ್ದರು. ನಾನು ಕೂಗುತ್ತಿದ್ದೆ, ಅವರು ಎಣಿಸುತ್ತಿದ್ದರು. ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ತರು ಒಂದು ದಿನ ಇದನ್ನು ನೋಡಿ, ನನ್ನ ಸರ್ವೀಸ್ ಪುಸ್ತಕದಲ್ಲಿ ಇಂಥದ್ದೇನಾದರೂ ನಮೂದಾಗಿದೆಯೋ ಎಂದು ತೆರೆದು ನೋಡಿದರಂತೆ. ಸ್ಕೂಟರಿಗೆ ಸಂಶಿಯ ಮೆಕ್ಯಾನಿಕ್ ಮತ್ತೆ ವಾಯರ್ ಹಾಕಿಕೊಟ್ಟ, ನನ್ನ ಮುಖ ನೋಡದೆ. ಕಾಕಾ ಅದರ ಮೇಲೆ ಗೊಟ್ಟ ಕಟ್ಟಿಕೊಂಡು, ಸುತ್ತಲಿನ ಊರುಗಳಲ್ಲಿ ಅರ್ಧಕ್ಕೆ ಔಷಧಿ ಬಿಟ್ಟ ದನಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು. ಎಷ್ಟು ನಿಧಾನ ಹೊಡೆಯುತ್ತಿದ್ದರೆಂದರೆ ಬಾಜೂಕ ನಡೆಯುವವರು ಮಾತಾಡಿಕೊಂಡೇ ಜೊತೆಗೆ ಹೋಗಬಹುದಿತ್ತು. "ಒಂದ ಕಿಕ್ಕಿಗೆ ಚಾಲೂ ಆಗೂ ಗಾಡಿ ನಂಬಾಕ ಬರೂದಿಲ್ಲ," ಎಂಬುದು ಕಡೆಯ ತನಕ ಅವರ ಅಭಿಪ್ರಾಯವಾಗಿತ್ತು.

ನನ್ನಲ್ಲಿ ಏನಾಯಿತು ಎಂದು ಕೇಳಿದರೆ ದೊಡ್ಡದೇನೂ ಇಲ್ಲ. ಹಾರ್ಮೋನಿಯಂ ಇನ್ನೂ ಅಟ್ಟದ ಮೇಲಿದೆ. ಆದರೆ ಆರೂವರೆಗೆ ಎದ್ದು ಒಂದು ಕೆಲಸ ಮುಗಿಸಿದ ಮನುಷ್ಯನಿಗೆ ಉಳಿದ ದಿನದ ಮೇಲೆ ಅಷ್ಟು ಸಿಟ್ಟಿರುವುದಿಲ್ಲ. ಹೆಂಡತಿ ಇದನ್ನು ನನಗಿಂತ ಮೊದಲು ಗಮನಿಸಿದಳು. ಮಾಡಿದ ಕೆಲಸಕ್ಕೆ ಅರ್ಥವಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ನನಗೆ ಕಾಕಾನ ಮೇಲೆ ಪ್ರೀತಿ ಇತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅವರೆದುರಿಗೆ ಎಂದೂ ಹೇಳಲಿಲ್ಲ.

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವರು ಕಟ್ಟೆಗೆ ಬರಲಿಲ್ಲ. ನಾನೇ ಹೋದೆ. ಮಲಗಿದಲ್ಲೇ ಹೋಗಿಬಿಟ್ಟಿದ್ದರು. ಮುಖದಲ್ಲಿ ಯಾವ ತಕರಾರೂ ಇರಲಿಲ್ಲ.

ಓಣಿಯವರೆಲ್ಲ ಕೂಡಿದೆವು. ಲಿಂಗವಂತರಲ್ಲಿ ಹೋದವರನ್ನು ಮಲಗಿಸಿ ಇಡುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹೊಸ ಧೋತರ ಉಡಿಸಿ, ಗೋಡೆಗೆ ಆನಿಸಿ ಕುಂದ್ರಿಸುತ್ತಾರೆ. ಹಾಗೆ ಕುಂದ್ರಿಸಿದ್ದೆವು. ಭಜನೆಯವರು ಬಂದು ಕುಳಿತರು. ಹನ್ನೊಂದರ ಹೊತ್ತಿಗೆ ಅಳ್ನಾವರದಿಂದ ಅಕ್ಕ ಬಂದು, ತಮ್ಮನ ಮಗ್ಗುಲಲ್ಲಿ ಕುಳಿತು, ಅಳದೆ ಅವರ ಕೈ ಹಿಡಿದು ಅದನ್ನೇ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಏನೋ ಬಿಟ್ಟುಹೋಗಿದೆ ಎಂದು ಬೆಳಗಿನಿಂದ ಅನಿಸುತ್ತಿತ್ತು. ಏನೆಂದು ಆಗ ತಿಳಿಯಿತು. ಅವತ್ತಿನದು ಆಗಿರಲಿಲ್ಲ.

ಮೊದಲು ಮೆಲ್ಲಗೆ ಅಂದೆ. "ಕಾಕಾ, ಏಳ್ರಿ." ಬಾಜೂಕ ನಿಂತವರು ತಿರುಗಿ ನೋಡಿದರು. ಎರಡನೆಯದು ಸ್ವಲ್ಪ ಜೋರಾಯಿತು. ನನ್ನದು ಮೈದಾನದ ದನಿ, ಸಣ್ಣಗೆ ಹೊರಡುವ ಅಭ್ಯಾಸ ಅದಕ್ಕಿಲ್ಲ. ಆರು, ಏಳಕ್ಕೆ ಭಜನೆಯವರು ತಾಳ ನಿಲ್ಲಿಸಿದರು. ಪರ ಊರಿನಿಂದ ಬಂದ ನೆಂಟರು ಬಾಯಿ ತೆರೆದು ನೋಡುತ್ತಿದ್ದರು. ಊರ ಹಿರಿಯರೊಬ್ಬರು ನನ್ನ ರಟ್ಟೆ ಹಿಡಿದು, "ಏ ಮಾಸ್ತರ, ಸುಮ್ನಿರೋ ಮಾರಾಯಾ, ಎದ್ದಗಿದ್ದಾರು," ಎಂದರು. ಅವರು ಖರೇನೇ ಹೆದರಿದ್ದರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು, ನಕ್ಕು ಅತ್ತರು. ನಾನು ನಿಲ್ಲಿಸಲಿಲ್ಲ. ಎಣಿಸುವವರು ಇರಲಿಲ್ಲವಲ್ಲ, ಒಂದು ಕಡೆ ತಡವರಿಸಿದೆ. ಆಗ ಅಕ್ಕ ತಲೆ ಎತ್ತದೆ, "ಹದಿನೆಂಟ," ಎಂದರು. ಅಲ್ಲಿಂದ ಅವರೇ ಎಣಿಸಿದರು.

ಮೂವತ್ತೊಂಬತ್ತಕ್ಕೆ ನಾನು ನಿಂತುಬಿಟ್ಟೆ.

"ಯಾಕ ನಿಂತಿ?"

"ಇನ್ನೊಂದ ಐತ್ರಿ ಅಕ್ಕಾರ."

"ಗೊತ್ತೈತಿ."

"ಅದೊಂದ ಇರಲಿ ಬಿಡ್ರಿ."

ಅಕ್ಕ ಅವತ್ತು ಮೊದಲ ಸಲ ನನ್ನ ಮುಖ ನೋಡಿದರು. "ಇಟಕೊಂಡ ಏನ್ ಮಾಡ್ತಿ? ಅಂವ ಒಂದೂ ಅರ್ಧಕ್ಕ ಬಿಟ್ಟಾಂವ ಅಲ್ಲ. ಮುಗಸು."

ನಾನು ಕಾಲು ಜೋಡಿಸಿ, ಎದೆ ಸೆಟೆಸಿ ನಿಂತು, ಶಾಲೆಯ ಮೈದಾನದ ಆಚೆ ಗೋಡೆಗೆ ಮುಟ್ಟುವ ದನಿಯಲ್ಲಿ ಕೂಗಿದೆ. "ಕಾಕಾ, ಏಳ್ರಿ!"

"ನಲ್ವತ್ತ," ಎಂದರು ಅಕ್ಕ, ಮತ್ತು ತಮ್ಮನ ಕೈ ಬಿಟ್ಟು ಪಕ್ಕಕ್ಕೆ ಸರಿದರು. ನಾಲ್ಕು ಮಂದಿ ಒಳಗೆ ಬಂದು ಕಾಕಾನನ್ನು ಎತ್ತಿಕೊಂಡರು.